ಕೋರಿಕೆ ಗೀತೆ ಮತ್ತು ಅದರ ಧ್ವನಿಮುದ್ರಣ

ಕೇಳುಗರು ಬಯಸಿದ ಹಾಡನ್ನು ಅವರ ಹೆಸರು, ಊರು ಓದಿ ರೇಡಿಯೊ ನಿಲಯ ಪ್ರಸಾರ ಮಾಡುವ ಪದ್ಧತಿಯೇ ಕೋರಿಕೆ ಗೀತೆ. ಭಾರತದಲ್ಲಿ ಇದನ್ನು ಜನಪ್ರಿಯಗೊಳಿಸಿದವು ರೇಡಿಯೊ ಸಿಲೋನ್ ಮತ್ತು 1957ರ ಅಕ್ಟೋಬರ್ 3ರಂದು ಆರಂಭವಾದ ವಿವಿಧ ಭಾರತಿ. ಕೋಲಾರದ ಕಡೆಯ ಕ್ಯಾಲನೂರಿನಂಥ ಊರುಗಳಿಗೆ ಹತ್ತಿರದ ದೊಡ್ಡ ನಿಲಯ ಬೆಂಗಳೂರಿನದು. ಅದರ ವಿವಿಧ ಭಾರತಿ ಈಗ 102.9 ಮೆಗಾಹರ್ಟ್ಸ್‌ನಲ್ಲಿದೆ. ಕೋರಿಕೆ ಮೊದಲು ಅಂಚೆ ಕಾರ್ಡಿನಲ್ಲಿ ಹೋಗುತ್ತಿತ್ತು, ಆಮೇಲೆ ಫೋನು, ವಾಟ್ಸ್ಆ್ಯಪ್ ಬಂದವು. ಹಾಡಿಗಿಂತ ತಮ್ಮ ಹೆಸರು ಕೇಳಲೆಂದೇ ಬರೆದವರೂ ಕಡಿಮೆಯಿರಲಿಲ್ಲ.

ಆ ಹಾಡಿನ ಧ್ವನಿಮುದ್ರಣಕ್ಕೆ ರೇಡಿಯೊ, ಕ್ಯಾಸೆಟ್ ರೆಕಾರ್ಡರ್ ಎರಡೂ ಇರುವ ಟೂ-ಇನ್-ಒನ್ ಬೇಕಿತ್ತು. ರೆಕಾರ್ಡ್, ಪ್ಲೇ ಗುಂಡಿಗಳನ್ನು ಒಟ್ಟಿಗೆ ಒತ್ತಬೇಕಿತ್ತು. ಸಿ-60 ಕ್ಯಾಸೆಟ್ಟಿನ ಒಂದು ಬದಿಗೆ 30 ನಿಮಿಷ. ಪಲ್ಲವಿಯ ಮೇಲೆ ಉದ್ಘೋಷಕರ ಮಾತು ಬಿದ್ದರೆ ಅದೂ ಹಾಡಿನ ಭಾಗವೇ.

ಈಗಿನ ಅಂತರಜಾಲ ರೇಡಿಯೊದಲ್ಲಿ ಗರಗರ ಸದ್ದಿಲ್ಲ. ಆಕಾಶವಾಣಿಯ ವಾಹಿನಿಗಳು ನ್ಯೂಸ್‌ಆನ್‌ಏರ್ ಆ್ಯಪ್‌ನಲ್ಲಿ ಸಿಗುತ್ತವೆ. ಹೊರದೇಶದ ಕನ್ನಡಿಗರನ್ನೂ ತಲುಪುವ ರೇಡಿಯೊ ಗಿರ್ಮಿಟ್‌ನಂಥ ಕನ್ನಡ ನಿಲಯಗಳಿವೆ. ಬರುವ ದತ್ತಾಂಶವನ್ನೇ ನೇರ ಉಳಿಸುವ ತಂತ್ರಾಂಶವಿದ್ದರೆ ಧ್ವನಿಮುದ್ರಣಕ್ಕೆ ಮೈಕು ಬೇಡ: ಸೆಕೆಂಡಿಗೆ 64 ಕಿಲೋಬಿಟ್ ವೇಗದಲ್ಲಿ ಒಂದು ಗಂಟೆಗೆ ಸುಮಾರು 29 ಎಂ.ಬಿ. ಸಾಕು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಖಾಸಗಿ ಬಳಕೆಗೆ ನ್ಯಾಯೋಚಿತ ಮಿತಿಯಲ್ಲಿ ವಿನಾಯಿತಿ ನೀಡುತ್ತದೆ. ಪ್ರತಿ ಮಾಡಿ ಮಾರುವುದಕ್ಕೆ ಅದು ಅನ್ವಯಿಸದು.