ಗಾಳಿಗೆದುರಾಗಿ ಕುಳಿತವರು

ಅಹಮದಾಬಾದಿಗೆ ವರ್ಗವಾಗಿ ಬಂದ ಮೊದಲ ವರ್ಷ, ಜನವರಿ 14ರ ಉತ್ತರಾಯಣದಂದು ನಾವು ತಾರಸಿಯ ತಪ್ಪು ಮೂಲೆಯಲ್ಲಿ ನಿಂತಿದ್ದೆವು. ಎಷ್ಟು ಎಳೆದರೂ ನಮ್ಮ ಗಾಳಿಪಟ ಏಳಲಿಲ್ಲ. ಪಕ್ಕದ ಮನೆಯ ಹಿರಿಯರೊಬ್ಬರು ಒಂದು ಚಿಟಿಕೆ ಧೂಳನ್ನು ಎತ್ತರಕ್ಕೆ ತೂರಿ, ಅದು ಹೋದ ದಾರಿ ನೋಡಿ, ನಮ್ಮನ್ನು ಎದುರಿನ ಮೂಲೆಗೆ ಕರೆದೊಯ್ದರು. ಪಟ ಎದ್ದಿತು. ಯಾವ ಕೈಚಳಕಕ್ಕಿಂತಲೂ ಮೊದಲು ಎಲ್ಲಿ ನಿಲ್ಲಬೇಕೆಂಬುದು ಗೊತ್ತಿರಬೇಕು, ಅದನ್ನು ನಿರ್ಧರಿಸುವುದು ಗಾಳಿ ಎಂಬ ಪಾಠವನ್ನು ನಾವು ಕಲಿತದ್ದು ಹೀಗೆ. ಈ ಪಾಠ ಗಾಳಿಪಟಕ್ಕಿಂತ ಬಹಳ ಹಳೆಯದು. ಜಿಂಕೆಯ ಬೇಟೆಗೆ ಹೊಂಚು ಕೂತ ಮನುಷ್ಯನೇ ಇದನ್ನು ಮೊದಲು ಕಲಿತಿರಬೇಕು. ಆ ಅರಿವಿನ ಚರಿತ್ರೆಯ ಕೆಲವು ಪುಟಗಳು ನಾವೀಗ ಬದುಕುತ್ತಿರುವ ಈ ಮೂರು ಊರುಗಳ ಸುತ್ತಲೇ ಇವೆ. ಅವುಗಳಲ್ಲೊಂದು ನೇರವಾಗಿ ಕನ್ನಡನಾಡಿಗೆ ತಲುಪುತ್ತದೆ.

ಮೊದಲು ಆ ಅರಿವು ಏನೆಂಬುದನ್ನು ನೋಡೋಣ. ಕಾಡಿನ ಜಿಂಕೆ, ಕಡವೆಗಳು ಕಣ್ಣು ಕಂಡದ್ದನ್ನು ಒಮ್ಮೆ ಅನುಮಾನಿಸಬಹುದು, ಕಿವಿ ಕೇಳಿದ್ದಕ್ಕೆ ನಿಂತು ಆಲಿಸಬಹುದು. ಮೂಗಿಗೆ ಮನುಷ್ಯನ ವಾಸನೆ ತಾಗಿದರೆ ಮಾತ್ರ ಎರಡನೆಯ ಯೋಚನೆಯಿಲ್ಲದೆ ಓಡುತ್ತವೆ. ಆದ್ದರಿಂದ ಬೇಟೆಗಾರನ ಮರೆಯಾಗಲಿ, ಮರದ ಮೇಲಿನ ಅಟ್ಟಣೆಯಾಗಲಿ, ಗಾಳಿಯು ಪ್ರಾಣಿಯ ಕಡೆಯಿಂದ ಅವನ ಕಡೆಗೆ ಬೀಸುವ ಜಾಗದಲ್ಲಿರಬೇಕು. ಅವನ ಮುಖಕ್ಕೆ ಗಾಳಿ ತಾಗುತ್ತಿದ್ದರೆ ಅವನಿದ್ದಾನೆಂಬ ಸುದ್ದಿ ಜಿಂಕೆಗೆ ಮುಟ್ಟುವುದಿಲ್ಲ. ಕೂರುವ ಜಾಗವಷ್ಟೇ ಅಲ್ಲ, ಅಲ್ಲಿಗೆ ನಡೆದುಹೋಗುವ ದಾರಿಯೂ ಗಾಳಿಗೆ ಒಪ್ಪಬೇಕು. ಗುಡ್ಡಗಾಡಿನಲ್ಲಿ ಲೆಕ್ಕ ಇನ್ನೂ ಸೂಕ್ಷ್ಮ. ಬಿಸಿಲೇರಿದಂತೆ ಇಳಿಜಾರಿನ ಗಾಳಿ ಕಾದು ಮೇಲಕ್ಕೇರುತ್ತದೆ, ಸಂಜೆ ತಂಪಾಗಿ ಕಣಿವೆಗೆ ಇಳಿಯುತ್ತದೆ. ಹಗಲಿನಲ್ಲಿ ಪ್ರಾಣಿಯ ದಾರಿಗಿಂತ ಮೇಲೆ ಕೂತವನು ಮುಸ್ಸಂಜೆಗೆ ಅದಕ್ಕಿಂತ ಕೆಳಗಿರಬೇಕು. ಸೋವುಬೇಟೆಯಲ್ಲಿ ಗಾಳಿ ಬರುವ ಕಡೆಯಿಂದ ಸೋವುವವರು ಹೊರಟರೆ ಅವರ ವಾಸನೆಯೇ ಹಿಂಡನ್ನು ಮುಂದೂಡುತ್ತದೆ. ಗಾಳಿ ಹೋಗುವ ತುದಿಯಲ್ಲಿ ಬಲೆ ಹಿಡಿದು ಕೂತವರ ಸುಳಿವು ಹಿಂಡಿಗೆ ಹತ್ತುವುದಿಲ್ಲ. ಒಂದು ಹಿಡಿ ಧೂಳು, ಬೂದಿ ಅಥವಾ ಒಣಹುಲ್ಲಿನ ಎಳೆ ಸಾಕು. ಇದಕ್ಕೆ ಬೇರೆ ಸಲಕರಣೆ ಬೇಕಿಲ್ಲ.

ಈ ಅರಿವನ್ನು ಅರಮನೆಯ ಲೇಖಣಿ ಬರೆದಿಟ್ಟ ಒಂದು ಸ್ಪಷ್ಟ ಉದಾಹರಣೆ ಅಬುಲ್ ಫಜಲನ ‘ಐನ್-ಇ-ಅಕ್ಬರಿ’ಯಲ್ಲಿದೆ. 1572-73ರಲ್ಲಿ ಗುಜರಾತನ್ನು ಗೆದ್ದ ಅಕ್ಬರನಿಗೆ ಸಿವಂಗಿಗಳ ಮೇಲೆ ವಿಪರೀತ ಮೋಹ. ಇಂದು ನಾವು ಚೀತಾ ಎನ್ನುವ ಪ್ರಾಣಿಗೆ ಕನ್ನಡದಲ್ಲಿದ್ದ ಹಳೆಯ ಹೆಸರು ಸಿವಂಗಿ. ಅದನ್ನು ಜಿಂಕೆಯ ಮೇಲೆ ಬಿಡುವ ಮೂರು ಬಗೆಗಳನ್ನು ಅಬುಲ್ ಫಜಲ್ ವಿವರಿಸುತ್ತಾನೆ. ಒಂದರಲ್ಲಿ ಜಿಂಕೆ ಕಂಡ ಕೂಡಲೇ ಬಿಡುವುದು. ಇನ್ನೊಂದರಲ್ಲಿ ದೂರದಿಂದ ತೋರಿಸಿ ಬಿಟ್ಟು, ಅದು ಮರೆಯಿಂದ ಮರೆಗೆ ನೆಗೆಯುತ್ತ ಸಾಗುವಂತೆ ಮಾಡುವುದು. ಮೂರನೆಯದರ ಹೆಸರು ಮುಹಾರಿ. ಇಲ್ಲಿ ಗಾಳಿಯು ಸಿವಂಗಿಯ ಕಡೆಗೆ ಬೀಸುವಂತಹ ಜಾಗ ನೋಡಿ ಅದನ್ನು ಮರೆಯಲ್ಲಿ ಕೂರಿಸುತ್ತಾರೆ; ಅದನ್ನು ತಂದ ಗಾಡಿಯನ್ನು ಎದುರು ದಿಕ್ಕಿಗೆ ಹೊಡೆದುಕೊಂಡು ಹೋಗುತ್ತಾರೆ. ಗಾಡಿಯನ್ನೇ ನೋಡುತ್ತ ಗೊಂದಲಗೊಂಡ ಜಿಂಕೆಗೆ ಸಿವಂಗಿ ಹತ್ತಿರ ಬಂದದ್ದು ತಿಳಿಯುವುದೇ ಇಲ್ಲ. ಕಣ್ಣಿಗೆ ಗಾಡಿಯ ಮೋಸ, ಮೂಗಿಗೆ ಗಾಳಿಯ ಮೋಸ.

ಬಯಲಿನ ಕೃಷ್ಣಮೃಗ ಮೂಗಿಗಿಂತ ಕಣ್ಣನ್ನೇ ಹೆಚ್ಚು ನಂಬುವ ಪ್ರಾಣಿ. ಶಾಸ್ತ್ರದ ಪ್ರಕಾರ ಅದು ಜಿಂಕೆಯಲ್ಲ, ಹುಲ್ಲೆ. ಆದರೆ ನಮ್ಮ ಆಡುಮಾತು ಎರಡನ್ನೂ ಜಿಂಕೆಯೆಂದೇ ಕರೆಯುತ್ತದೆ. ಅಷ್ಟು ಚುರುಕುಗಣ್ಣಿನ ಪ್ರಾಣಿ ಎತ್ತಿನ ಗಾಡಿಗೆ ಮಾತ್ರ ಹೆದರುತ್ತಿರಲಿಲ್ಲ, ಏಕೆಂದರೆ ರೈತನ ಗಾಡಿ ಅದಕ್ಕೆ ದಿನನಿತ್ಯದ ನೋಟ. ವಡೋದರಾದ ಗಾಯಕವಾಡರ ಬಯಲುಗಳಲ್ಲಿ ಕಣ್ಣಿಗೆ ಕುಲಾವಿ ಕಟ್ಟಿದ ಸಿವಂಗಿಗಳನ್ನು ಇಂಥ ಗಾಡಿಗಳಲ್ಲೇ ಒಯ್ಯುತ್ತಿದ್ದರು. 1860ರ ದಶಕದಲ್ಲಿ ಖಂಡೇರಾವ್ ಗಾಯಕವಾಡರ ಅತಿಥಿಯಾಗಿದ್ದ ಫ್ರೆಂಚ್ ಪ್ರವಾಸಿ ಲೂಯಿ ರೂಸೆಲೆ ಆ ದರ್ಬಾರಿನ ಬೇಟೆಯ ವೈಭವವನ್ನು ಬರೆದಿಟ್ಟಿದ್ದಾನೆ.

ಇದೇ ಗಾಳಿಯನ್ನು ಬೇಟೆಗಾರನಿಗಾಗಿ ಓದಿಕೊಡುವ ಪ್ರಾಣಿ ನಾಯಿ. ಗಾಳಿ ಎತ್ತಲಿಂದ ಬಂದರೆ ಜಿಂಕೆಗೆ ಅಪಾಯ ತಿಳಿಯುತ್ತದೋ ಅದೇ ನಿಯಮದಿಂದ ನಾಯಿಗೆ ಬೇಟೆ ತಿಳಿಯುತ್ತದೆ. 1615ರ ಸೆಪ್ಟೆಂಬರಿನಲ್ಲಿ ಸೂರತ್ತಿನಲ್ಲಿ ಇಳಿದ ಇಂಗ್ಲಿಷ್ ರಾಯಭಾರಿ ಸರ್ ಥಾಮಸ್ ರೋ, ಜಹಾಂಗೀರನಿಗೆ ಇಂಗ್ಲೆಂಡಿನ ಮ್ಯಾಸ್ಟಿಫ್ ನಾಯಿಗಳ ಮೇಲಿದ್ದ ಆಸೆಯನ್ನು ದಾಖಲಿಸಿದ್ದಾನೆ. ಮುಂಗಾರಿನ ಗಾಳಿ ಹಿಡಿದು ಸೂರತ್ತಿನ ರೇವಿಗೆ ಬರುತ್ತಿದ್ದ ಹಡಗುಗಳು ಕತ್ತಿ, ಚಿತ್ರ, ಬಟ್ಟೆಗಳ ಜೊತೆಗೆ ಬಾದಶಹನಿಗಾಗಿ ನಾಯಿಗಳನ್ನೂ ತಂದವು.

ಅದೇ ಜಹಾಂಗೀರ್ 1618ರಲ್ಲಿ ಕೆಲವು ತಿಂಗಳು ಅಹಮದಾಬಾದಿನಲ್ಲಿದ್ದ. ಊರಿನ ಹವೆ ಅವನಿಗೆ ಒಗ್ಗಲಿಲ್ಲ. ತನ್ನ ಆತ್ಮಕಥೆಯಲ್ಲಿ ಈ ನಗರಕ್ಕೆ ಅವನು ಇಟ್ಟ ಅಡ್ಡಹೆಸರುಗಳನ್ನು ಬೇಸಿಗೆಯಲ್ಲಿ ಇಲ್ಲಿ ಬಸ್ಸಿಗೆ ಕಾದವರೆಲ್ಲ ಒಪ್ಪುತ್ತಾರೆ: ಧೂಳಿನ ಊರು ಗರ್ದಾಬಾದ್, ಬಿಸಿಗಾಳಿಯ ನೆಲೆ ಸಮೂಮಿಸ್ತಾನ್, ರೋಗದ ನೆಲೆ ಬೀಮಾರಿಸ್ತಾನ್, ಕೊನೆಗೆ ನರಕದ ಊರು ಜಹನ್ನಮಾಬಾದ್. ಹನ್ನೆರಡನೆಯ ವಯಸ್ಸಿನಿಂದ ಆಳ್ವಿಕೆಯ 11ನೆಯ ವರ್ಷದವರೆಗೆ ತನ್ನೆದುರು ಬಿದ್ದ ಪ್ರಾಣಿಗಳು 28,532, ಅವುಗಳಲ್ಲಿ ತಾನೇ ಕೊಂದವು 17,167 ಎಂದು ಲೆಕ್ಕ ಬರೆಸಿದವನು ಅವನು. ಐವತ್ತು ತುಂಬಿದ ಮೇಲೆ ಬಂದೂಕಿನ ಬೇಟೆ ಬಿಡುವುದಾಗಿ ಹರಕೆ ಹೊತ್ತು, ಮೊಮ್ಮಗ ಶೂಜಾ ಕಾಯಿಲೆ ಬಿದ್ದಾಗ ಅದನ್ನು ನಡೆಸಿದೆನೆಂದು ಬರೆದವನೂ ಅವನೇ. ತಾನು ಸಾಕಿದ ಮನ್ಸರಾಜ್ ಎಂಬ ಹುಲ್ಲೆ ಸತ್ತಾಗ ಇಂದಿನ ಪಾಕಿಸ್ತಾನದ ಶೇಖುಪುರದಲ್ಲಿ ಅದಕ್ಕೊಂದು ಸ್ಮಾರಕ ಕಟ್ಟಿಸಿದ.

ಇಲ್ಲಿ ನಮಗೆ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ನೆನಪಾಗುತ್ತದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗ ಬೂತುಗನೂ ಆಳುತ್ತಿದ್ದ ಕಾಲದ, ಕ್ರಿ.ಶ. 949-50ರ ಆ ಕಲ್ಲು ಕಾಳಿ ಎಂಬ ಬೇಟೆನಾಯಿಯ ಸ್ಮಾರಕ. ಮಣಲೇರನೆಂಬ ವೀರ ತನ್ನ ಶೌರ್ಯಕ್ಕೆ ಬಹುಮಾನವಾಗಿ ಆ ನಾಯಿಯನ್ನೇ ಕೇಳಿ ಪಡೆದ. ಅದು ಕಾಡುಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಆಗ್ರಾದ ಬಾದಶಹನಿಗಿಂತ ಆರೂವರೆ ಶತಮಾನಕ್ಕೂ ಮೊದಲೇ ಕನ್ನಡದ ಕಲ್ಲು ಬೇಟೆಯ ಪ್ರಾಣಿಗೊಂದು ಹೆಸರು ಉಳಿಸಿತ್ತು. ನಮ್ಮ ಕಾವ್ಯಗಳೂ ಹಿಂದೆ ಬಿದ್ದಿಲ್ಲ. ಕ್ರಿ.ಶ. 941ರ ಪಂಪಭಾರತದಲ್ಲಿ ಬೇಟೆಯ ವರ್ಣನೆಯಿದೆ. ರಾಘವಾಂಕನ ಹರಿಶ್ಚಂದ್ರ ಬೇಟೆಗೆ ಹೋಗಿಯೇ ವಿಶ್ವಾಮಿತ್ರನ ಬಲೆಗೆ ಬೀಳುತ್ತಾನೆ.

ಈ ಪರಂಪರೆಯ ಶಾಸ್ತ್ರಗ್ರಂಥವನ್ನು ಹುಡುಕಿ ಹೊರಟರೆ ಕನ್ನಡಿಗ ಮತ್ತೆ ವಡೋದರಾಕ್ಕೇ ಬರಬೇಕು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 1129ರಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ರಾಜನ ಬದುಕಿನ ನೂರು ವಿಷಯಗಳನ್ನು ಹೇಳುತ್ತದೆ. ಅದರ ವಿನೋದಗಳ ಭಾಗದಲ್ಲಿ ನಾಯಿ, ಗಿಡುಗ, ಮೀನುಗಳ ಜೊತೆಗೆ ಜಿಂಕೆಯ ಬೇಟೆಗೂ ಒಂದು ಅಧ್ಯಾಯವಿದೆ. ಇಂದಿನ ಬಸವಕಲ್ಯಾಣದಲ್ಲಿ ಕೂತು ದೊರೆ ಬರೆದ ಈ ಗ್ರಂಥವನ್ನು ಜಿ. ಕೆ. ಶ್ರೀಗೊಂಡೇಕರರು ಸಂಪಾದಿಸಿದರು, ವಡೋದರಾದ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆ 1925, 1939 ಮತ್ತು 1961ರಲ್ಲಿ ಮೂರು ಸಂಪುಟಗಳಾಗಿ ಅದನ್ನು ಹೊರತಂದಿತು. ಮೈಸೂರು ವಿಶ್ವವಿದ್ಯಾನಿಲಯವೂ ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬ ಅದರ ಇನ್ನೊಂದು ಹೆಸರಿನಲ್ಲಿ ಒಂದು ಭಾಗವನ್ನು ಅಚ್ಚು ಹಾಕಿಸಿತು. ಆದರೆ ಗ್ರಂಥ ಪೂರ್ತಿಯಾಗಿ ವಿದ್ವಾಂಸರ ಕೈಸೇರಿದ್ದು ಮರಾಠಿ ಮನೆತನವೊಂದು ಆಳುತ್ತಿದ್ದ ಈ ಗುಜರಾತಿ ನಗರದಿಂದ. ಸಯಾಜಿರಾವ್ ಗಾಯಕವಾಡರ ಈ ಋಣವನ್ನು ವಡೋದರಾದ ಕನ್ನಡಿಗರು ಮರೆಯಬಾರದು.

ಇಷ್ಟೆಲ್ಲ ಓದಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಸಿವಂಗಿಯನ್ನು ಗಾಳಿಗೆದುರಾಗಿ ಎಲ್ಲಿ ಕೂರಿಸಬೇಕೆಂದು ನೋಡಿದವರು ಯಾರು? ಧೂಳು ತೂರಿ ನೋಡಿ, ಮಹಾರಾಜರೇ ಇಲ್ಲಿ ಬೇಡ, ಆ ಜಾಲಿಮರದ ಬುಡದಲ್ಲಿ ಎಂದು ಹೇಳಿದವರು ಯಾರು? ದೊರೆಯ ಹೆಸರು ಗ್ರಂಥದಲ್ಲಿದೆ, ಹುಲ್ಲೆಯ ಹೆಸರು ಮಿನಾರಿನಲ್ಲಿದೆ, ನಾಯಿಯ ಹೆಸರು ಕಲ್ಲಿನಲ್ಲಿದೆ. ಗಾಳಿ ಓದಿದವನಿಗೆ ಹೆಸರಿಲ್ಲ.

ಹೆಸರಿಲ್ಲದಿದ್ದರೂ ಅಂಥವರ ವಂಶ ಉಳಿದಿದೆ, ಅದೂ ನಮ್ಮೂರುಗಳ ಮಗ್ಗುಲಲ್ಲೇ. ಉತ್ತರ ಕರ್ನಾಟಕದವರಾದ ನಮ್ಮಲ್ಲಿ ಹಲವರು ಬಾಲ್ಯದಲ್ಲಿ ಹರಣಶಿಕಾರಿಗಳನ್ನು ಕಂಡವರು. ಹರಣವೆಂದರೆ ಹರಿಣ, ಜಿಂಕೆಯ ಬೇಟೆಗಾರರು ಎಂಬುದೇ ಆ ಜನರ ಹೆಸರು. ಅವರದೇ ಬಳಗದ ಫಾಸೆ ಪಾರ್ಧಿಗಳ ಹೆಸರು ಬಂದದ್ದು ಫಾಸೆ, ಅಂದರೆ ಉರುಲಿನಿಂದ. ಹಿಂಡಿನ ದಾರಿಯಲ್ಲಿ ಉರುಲುಗಳನ್ನು ಹೂಡುವುದು, ಪಳಗಿಸಿದ ದನದ ಮರೆಯಲ್ಲಿ ಹುಲ್ಲೆಯ ಹತ್ತಿರಕ್ಕೆ ಸರಿಯುವುದು ಈ ಜನರ ಕಸುಬೆಂದು ಬ್ರಿಟಿಷರ ಕಾಲದ ದಾಖಲೆಗಳು ಹೇಳುತ್ತವೆ. ಎತ್ತಿನ ಗಾಡಿಯ ಮರೆಯ ರಾಜವೈಭವಕ್ಕೂ ಒಂದೇ ದನದ ಮರೆಯ ಈ ಬಡ ಉಪಾಯಕ್ಕೂ ಇರುವ ಬುದ್ಧಿ ಒಂದೇ.

ಅವರು ಮನೆಯಲ್ಲಿ ಆಡುವ ಮಾತು ಕನ್ನಡವಲ್ಲ, ಗುಜರಾತಿಗೆ ಹತ್ತಿರದ ನುಡಿ. ಚಿಕ್ಕಂದಿನಲ್ಲಿ ನಮಗೆ ಅದು ಅರ್ಥವಾಗದ ಗದ್ದಲವಾಗಿತ್ತು. ಅಹಮದಾಬಾದಿಗೆ ಬಂದು, ತರಕಾರಿ ಮಾರುವವರ ಬಾಯಲ್ಲಿ ‘ಛೇ’, ‘ನಥಿ’ಗಳನ್ನು ಕೇಳಿ ಪಳಗಿದ ಮೇಲೆ, ರಜೆಯಲ್ಲಿ ಊರಿಗೆ ಹೋದಾಗ ಸಂತೆಯಲ್ಲಿ ಆ ಜನ ತಮ್ಮೊಳಗೆ ಆಡುವ ಮಾತಿನಲ್ಲಿ ಪರಿಚಿತವಾದ ಒಂದೆರಡು ಶಬ್ದಗಳು ಕಿವಿಗೆ ಬಿದ್ದು ನಾವು ನಿಂತುಬಿಟ್ಟೆವು. ಹೊಟ್ಟೆಪಾಡಿಗಾಗಿ ನಾವು ದಕ್ಷಿಣದಿಂದ ಇಲ್ಲಿಗೆ ಬಂದೆವು. ಅವರ ಹಿರಿಯರ ನುಡಿ ಇತ್ತ ಕಡೆಯಿಂದ ದಕ್ಷಿಣಕ್ಕೆ ಹೋಗಿತ್ತು. ನಮಗೆ ಇಲ್ಲಿ ಕನ್ನಡ ಸಂಘವಿದೆ, ರಾಜ್ಯೋತ್ಸವವಿದೆ. ಅವರಿಗೆ ಅಲ್ಲಿ ಸಿಕ್ಕದ್ದು ಪೊಲೀಸರ ಹಾಜರಿಪಟ್ಟಿ.

1871ರಲ್ಲಿ ಬಂದ ಅಪರಾಧಿ ಬುಡಕಟ್ಟುಗಳ ಕಾಯಿದೆ ಅಲೆಯುವ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಗುರುತಿಸಿತು. ಮುಂದೆ ಅದು ದೇಶದ ಇತರ ಭಾಗಗಳಿಗೂ ಹಬ್ಬಿತು. ಅವರನ್ನು ಕೂಡಿಹಾಕಲು ಕಟ್ಟಿದ ವಸತಿಗಳಿಗೆ ಸೆಟ್ಲ್‌ಮೆಂಟ್ ಎಂದು ಹೆಸರು. ಹುಬ್ಬಳ್ಳಿಯ ಸೆಟ್ಲ್‌ಮೆಂಟ್ ನಮ್ಮ ಹಲವರಿಗೆ ಗೊತ್ತು. ಅಹಮದಾಬಾದಿನ ಛಾರಾನಗರವೂ ಹುಟ್ಟಿದ್ದು ಇಂಥದೇ ವಸತಿಯಾಗಿ, ಛಾರಾ ಸಮುದಾಯಕ್ಕಾಗಿ. 1952ರ ಆಗಸ್ಟ್ 31ರಂದು ಆ ಕಾಯಿದೆ ಹೋಯಿತು, ಹಣೆಪಟ್ಟಿ ಹೋಗಲಿಲ್ಲ. ಸಿವಂಗಿ ಭಾರತದಲ್ಲಿ ಅಳಿದುಹೋಯಿತೆಂದು ಸರ್ಕಾರ ಸಾರಿದ್ದೂ ಅದೇ 1952ರಲ್ಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಕೃಷ್ಣಮೃಗದ ಬೇಟೆಯನ್ನು ನಿಲ್ಲಿಸಿತು. ಅದು ಆಗಲೇಬೇಕಾಗಿದ್ದ ಕೆಲಸ. ಆ ಕಾಯಿದೆ ಬರದಿದ್ದರೆ ರಾಣೆಬೆನ್ನೂರಿನ ಅಭಯಾರಣ್ಯದಲ್ಲೂ ಭಾವನಗರದ ಬಳಿಯ ವೇಳಾವದರದಲ್ಲೂ ನಮ್ಮ ಮಕ್ಕಳಿಗೆ ತೋರಿಸಲು ಏನು ಉಳಿಯುತ್ತಿತ್ತೋ ಹೇಳಲಾಗದು. ಆದರೆ ಬೇಟೆಯ ವಿನೋದ ಬಿಟ್ಟ ಅರಸರಿಗೆ ಅರಮನೆಗಳಿದ್ದವು. ಬೇಟೆಯೇ ಬದುಕಾಗಿದ್ದವರಿಗೆ ಆ ಅರಿವಿನ ಹೊರತು ಬೇರೆ ಆಸ್ತಿಯಿರಲಿಲ್ಲ.

ಹಿಂದಿನ ಚಳಿಗಾಲದಲ್ಲಿ ನಾವು ಕೆಲವರು ವೇಳಾವದರಕ್ಕೆ ಹೋಗಿದ್ದೆವು. ಒಂದು ಕಾಲಕ್ಕೆ ಭಾವನಗರದ ಅರಸರ ಹುಲ್ಲುಗಾವಲಾಗಿದ್ದು 1976ರಲ್ಲಿ ರಾಷ್ಟ್ರೀಯ ಉದ್ಯಾನವಾದ ಜಾಗ ಅದು. ಗಾಡಿ ನಿಲ್ಲಿಸುವ ಮೊದಲು ಮಾರ್ಗದರ್ಶಿ ಕಿಟಕಿಯಿಂದ ಕೈ ಹೊರಚಾಚಿ ಒಂದು ಕ್ಷಣ ಸುಮ್ಮನಿದ್ದ. ಆಮೇಲೆ ರಸ್ತೆಯ ತಿರುವಿನಾಚೆಗೆ ಹೋಗಿ ನಿಲ್ಲಿಸಿದ. ಉತ್ತರದ ತಣ್ಣನೆಯ ಗಾಳಿ ನಮ್ಮ ಮುಖಕ್ಕೆ ಬೀಸುತ್ತಿತ್ತು. ಹುಲ್ಲಿನ ನಡುವೆ ಹಿಂಡು ಮೇಯುತ್ತಲೇ ಇತ್ತು. ಇದನ್ನು ಎಲ್ಲಿ ಕಲಿತೆಯೆಂದು ಹಿಂದಿಯಲ್ಲಿ ಕೇಳಿದೆವು. ಅಪ್ಪನಿಂದ ಎಂದ. ಅಪ್ಪ ಏನು ಮಾಡುತ್ತಿದ್ದರೆಂದು ಕೇಳಿದ್ದಕ್ಕೆ ನಕ್ಕು ಸುಮ್ಮನಾದ. ನಾವೂ ಮತ್ತೆ ಕೇಳಲಿಲ್ಲ.