ಸಿನಿಮಾದ ಖಾಲಿ ಡಬ್ಬ, ದೇವನಹಳ್ಳಿಯ ತುಂಬಿದ ಡಬ್ಬ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ಸಂಚಿಕೆಯನ್ನು ಎರಡು ಹಳೇ ಹಾಲಿವುಡ್ ಸಿನಿಮಾಗಳಿಂದ ಶುರು ಮಾಡ್ತೀನಿ, ಆಮೇಲೆ ದೇವನಹಳ್ಳಿಗೆ ಬರ್ತೀನಿ. ದಾರಿ ಸ್ವಲ್ಪ ಸುತ್ತು ಅನ್ನಿಸಬಹುದು. ಆದರೆ ಎರಡು ಕಡೆಯೂ ಇರೋದು ಒಂದೇ ಯಂತ್ರದ ಕಥೆ.

1995ರಲ್ಲಿ 'ಕಾಂಗೋ' ಅಂತ ಒಂದು ಸಿನಿಮಾ ಬಂತು. ಮರುವರ್ಷ 'ಟ್ವಿಸ್ಟರ್'. ಮೊದಲನೆಯದರಲ್ಲಿ ಆಫ್ರಿಕಾದ ಕಾಡು, ಎರಡನೆಯದರಲ್ಲಿ ಅಮೆರಿಕದ ಸುಂಟರಗಾಳಿ. ಎರಡರಲ್ಲೂ ಒಂದು ವಸ್ತು ಕಣ್ಣಿಗೆ ಬೀಳುತ್ತೆ: ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯ ಲ್ಯಾಪ್‌ಟಾಪ್. ಕಾಡಿನ ನಡುವೆ, ಬಿರುಗಾಳಿಯ ನಡುವೆ ಅದನ್ನು ಬಿಚ್ಚುತ್ತಾರೆ. ಪರದೆ ಮೇಲೆ ಬಣ್ಣಬಣ್ಣದ ಮೂರು ಆಯಾಮದ ಚಿತ್ರಗಳು ಸಲೀಸಾಗಿ ತಿರುಗುತ್ತವೆ. ಆಗ ನೋಡಿದವರಿಗೆ ಇಂಥದ್ದು ಎಲ್ಲೋ ಅಮೆರಿಕದಲ್ಲಿ ದುಡ್ಡಿದ್ದವರಿಗೆ ಸಿಗುತ್ತೇನೋ ಅನ್ನಿಸಿರಬೇಕು.

ಸಿಗ್ತಿರಲಿಲ್ಲ. ಸಿಲಿಕಾನ್ ಗ್ರಾಫಿಕ್ಸ್ ತನ್ನ ಇಡೀ ಇತಿಹಾಸದಲ್ಲಿ ಒಂದೇ ಒಂದು ಲ್ಯಾಪ್‌ಟಾಪನ್ನೂ ಮಾರುಕಟ್ಟೆಗೆ ಬಿಡಲಿಲ್ಲ. ನೀವು ನೋಡಿದ್ದು ಸಿನಿಮಾದ ಸಾಮಾನು. ನಾಟಕದ ರಾಜನ ಕಿರೀಟದ ಹಾಗೆ ಹೊರಗೆ ಹೊಳಪು, ಹೆಸರು. ಅಂಥ ಚಿತ್ರ ಬಿಡಿಸುವ ಯಂತ್ರವನ್ನು ಅಷ್ಟು ಸಣ್ಣ ಡಬ್ಬದೊಳಗೆ ತುಂಬಲು ಆಗ ಯಾರಿಂದಲೂ ಆಗುತ್ತಿರಲಿಲ್ಲ.

ಯಾಕೆ ಆಗುತ್ತಿರಲಿಲ್ಲ ಅನ್ನೋದನ್ನು ನೋಡೋಣ. ಕಂಪ್ಯೂಟರ್ ಒಂದು ಡೈನೋಸಾರನ್ನು ಬಿಡಿಸಬೇಕು ಅಂದ್ರೆ ಅದಕ್ಕೆ ಡೈನೋಸಾರ್ ಗೊತ್ತಿಲ್ಲ. ಅದಕ್ಕೆ ಗೊತ್ತಿರೋದು ತ್ರಿಕೋನಗಳು. ಸಾವಿರಾರು ಸಣ್ಣ ತ್ರಿಕೋನಗಳನ್ನು ಜೋಡಿಸಿ ಒಂದು ಮೈ ಮಾಡುತ್ತೆ. ಪ್ರಾಣಿ ತಲೆ ತಿರುಗಿಸಿದರೆ ಪ್ರತಿ ತ್ರಿಕೋನದ ಪ್ರತಿ ಮೂಲೆಯನ್ನೂ ಹೊಸದಾಗಿ ಲೆಕ್ಕ ಹಾಕಬೇಕು, ಬೆಳಕು ಎಲ್ಲಿಂದ ಬೀಳುತ್ತೆ ಅಂತ ಬಣ್ಣ ಹಚ್ಚಬೇಕು. ಸಿನಿಮಾಕ್ಕೆ ಇದು ಸೆಕೆಂಡಿಗೆ 24 ಸಲ.

ದೊಡ್ಡಬಳ್ಳಾಪುರದವರಿಗೆ ಇದು ಬೇಗ ಅರ್ಥವಾಗುತ್ತೆ. ಚಿತ್ರವನ್ನು ಲೆಕ್ಕವಾಗಿ ಮಾಡೋದು ಅಲ್ಲಿನ ನೇಕಾರರಿಗೆ ಹೊಸದಲ್ಲ. ಮಗ್ಗದ ಮೇಲೆ ಕೂತಿರುವ ಜಕಾರ್ಡ್ ಯಂತ್ರ ಫ್ರಾನ್ಸಿನಲ್ಲಿ 1804ರ ಸುಮಾರಿಗೆ ಹುಟ್ಟಿದ್ದು. ಸೆರಗಿನ ಮೇಲೆ ನವಿಲು ಬರಬೇಕು ಅಂದ್ರೆ ಮೊದಲು ಚೌಕಳಿ ಕಾಗದದ ಮೇಲೆ ಬಿಡಿಸಬೇಕು. ಒಂದೊಂದು ಚೌಕಕ್ಕೂ ಎಳೆ ಮೇಲೇಳಬೇಕೋ ಕೆಳಗಿರಬೇಕೋ ತೀರ್ಮಾನ ಆಗಬೇಕು. ಅದರಂತೆ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯಬೇಕು. ಮಗ್ಗಕ್ಕೆ ನವಿಲು ಗೊತ್ತಿಲ್ಲ, ತೂತು ಇದೆಯೋ ಇಲ್ಲವೋ ಅಷ್ಟೇ ಗೊತ್ತು. ತೂತು ಹೊಡೆದ ಕಾರ್ಡಿನ ಈ ಉಪಾಯವನ್ನೇ ಮುಂದೆ ಕಂಪ್ಯೂಟರ್‌ಗಳೂ ಎರವಲು ಪಡೆದವು. ವ್ಯತ್ಯಾಸ ಏನಪ್ಪಾ ಅಂದ್ರೆ ವೇಗ.

ಆ ವೇಗವನ್ನು ಕೊಟ್ಟವರು ಜಿಮ್ ಕ್ಲಾರ್ಕ್. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದಾಗ ತಮ್ಮ ವಿದ್ಯಾರ್ಥಿಗಳ ಜೊತೆ ಸೇರಿ 'ಜಿಯೋಮೆಟ್ರಿ ಎಂಜಿನ್' ಅನ್ನೋ ಚಿಪ್ ಮಾಡಿದರು. ತ್ರಿಕೋನಗಳ ಮೂಲೆಗಳನ್ನು ತಿರುಗಿಸುವಂಥ ಲೆಕ್ಕ ಬಿಟ್ಟರೆ ಬೇರೆ ಕೆಲಸ ಅದಕ್ಕಿಲ್ಲ. ಆ ಚಿಪ್ಪನ್ನು ನಂಬಿಕೊಂಡು 1980ರ ದಶಕದ ಆರಂಭದಲ್ಲಿ ಸಿಲಿಕಾನ್ ಗ್ರಾಫಿಕ್ಸ್ ಶುರುವಾಯಿತು. ಹತ್ತು ವರ್ಷದಲ್ಲಿ ಹಾಲಿವುಡ್ ಅವರ ಕೈಯಲ್ಲಿತ್ತು. 1991ರ 'ಟರ್ಮಿನೇಟರ್ 2', 1993ರ 'ಜುರಾಸಿಕ್ ಪಾರ್ಕ್', ಎರಡರ ಗ್ರಾಫಿಕ್ಸೂ ಅವರ ಯಂತ್ರಗಳ ಮೇಲೇ ಆಗಿದ್ದು. 'ಜುರಾಸಿಕ್ ಪಾರ್ಕ್'ನಲ್ಲಿ ಆ ಯಂತ್ರಗಳೂ ಪಾತ್ರ ಮಾಡಿವೆ. ಪುಟ್ಟ ಹುಡುಗಿ ಕಂಪ್ಯೂಟರ್ ಮುಂದೆ ಕೂತು, ಇದು ಯುನಿಕ್ಸ್ ಅಂತ ಗುರುತು ಹಿಡಿದು ಬಾಗಿಲುಗಳಿಗೆ ಬೀಗ ಹಾಕಿಸುವ ದೃಶ್ಯ ನೆನಪಿದೆಯಾ? ಪರದೆ ಮೇಲೆ ಊರಿನ ಹಾಗೆ ಹಾರಿಕೊಂಡು ಹೋಗುವ ಕಡತಗಳ ನೋಟ ಸಿನಿಮಾದವರ ಕಲ್ಪನೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅಲ್ಲ. ಅದು ಸಿಲಿಕಾನ್ ಗ್ರಾಫಿಕ್ಸ್‌ನವರ ನಿಜವಾದ ತಂತ್ರಾಂಶ, ಹೆಸರು ಎಫ್‌ಎಸ್‌ಎನ್.

ಆದರೆ ಈ ಯಂತ್ರಗಳ ಗಾತ್ರ, ಬೆಲೆ ಕೇಳಿ. ಅವರ ಅಗ್ಗದ ಮಾದರಿ 'ಇಂಡಿ', 1993ರದ್ದು. ಪಿಜ್ಜಾ ಡಬ್ಬದ ಆಕಾರ, 100 ಮೆಗಾಹರ್ಟ್ಸ್ ಚಿಪ್, ತೀರಾ ಕಡಿಮೆ ಬೆಲೆಯದ್ದರಲ್ಲಿ 16 ಎಂಬಿ ಮೆಮೊರಿ. ಅದಕ್ಕೇ ಹತ್ತಿರಹತ್ತಿರ 5,000 ಡಾಲರ್. ಮಾನಿಟರ್ ಎತ್ತಿಡೋದೇ ಒಂದು ಕೆಲಸ. ದೊಡ್ಡ ಮಾದರಿ 'ಓನಿಕ್ಸ್' ಮನೆಯ ಫ್ರಿಜ್‌ನಷ್ಟು ಎತ್ತರದ ಕಪಾಟಿನಲ್ಲೂ ಬರುತ್ತಿತ್ತು, ಬೆಲೆ ಲಕ್ಷ ಡಾಲರ್ ದಾಟುತ್ತಿತ್ತು. ಗಂಟೆಗಟ್ಟಲೆ ಬಿಸಿಯಾಗಿ ಕೆಲಸ ಮಾಡುವ ಈ ಯಂತ್ರವನ್ನು ಆ ಕಾಲದ ಬ್ಯಾಟರಿಯ ಮೇಲೆ ಓಡಿಸೋದು ಕನಸಿನ ಮಾತು.

ಹೊತ್ತುಕೊಂಡು ಹೋಗುವ ವರ್ಕ್‌ಸ್ಟೇಷನ್‌ಗಳು ಇರಲೇ ಇಲ್ಲ ಅಂತಲ್ಲ. ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿದ್ದ ಟ್ಯಾಡ್‌ಪೋಲ್ ಕಂಪನಿ 1990ರ ದಶಕದ ಆರಂಭದಲ್ಲೇ 'ಸ್ಪಾರ್ಕ್‌ಬುಕ್' ಅಂತ ಮಾಡಿತು. ಯುನಿಕ್ಸ್ ಓಡಿಸುವ ನೋಟ್‌ಬುಕ್ ಅದು. ದುಬಾರಿ ಸಾಮಾನು, ಸೇನೆ, ದೊಡ್ಡ ಕಂಪನಿಗಳಂಥವರಿಗೆ. ಆದರೆ ಡೈನೋಸಾರ್ ತಿರುಗಿಸುವ ತಾಕತ್ತು ಅದಕ್ಕೂ ಇರಲಿಲ್ಲ. ಹಾಗಾಗಿ ಸಿನಿಮಾದವರು ಮುಂದೆ ಬರಬಹುದಾದ್ದನ್ನು ಊಹಿಸಿ, ಖಾಲಿ ಡಬ್ಬದ ಮೇಲೆ ಹೆಸರು ಬರೆದರು.

ಊಹೆ ನಿಜವಾಯಿತು, ಹೆಸರು ಮಾತ್ರ ಬದಲಾಯಿತು. ಹೇಗೆ ಅನ್ನೋದೇ ಈ ಕಥೆಯ ತಿರುಳು.

ಸಿಲಿಕಾನ್ ಗ್ರಾಫಿಕ್ಸ್‌ನವರು ತಾವೇ ಆ ತಂತ್ರಜ್ಞಾನವನ್ನು ಚಿಕ್ಕದು ಮಾಡಿ ತೋರಿಸಿದ್ದರು. 1996ರಲ್ಲಿ ಬಂದ 'ನಿಂಟೆಂಡೋ 64' ಆಟದ ಯಂತ್ರದ ಹೃದಯ ಅವರದ್ದೇ ವಿನ್ಯಾಸ. ಬೆಲೆ ಅಮೆರಿಕದಲ್ಲಿ 200 ಡಾಲರ್. ಅಂದರೆ ಅಗ್ಗಕ್ಕೆ ಮಾಡಬಹುದು ಅಂತ ಅವರಿಗೆ ಗೊತ್ತಿತ್ತು. ಆದರೆ ಲಾಭ ಇದ್ದದ್ದು ದೊಡ್ಡ ಡಬ್ಬದಲ್ಲಿ. ಕಂಪನಿ ಡಬ್ಬವನ್ನೇ ಹಿಡಿದು ಕೂತಿತು. ಅಲ್ಲಿನ ಕೆಲ ಎಂಜಿನಿಯರ್‌ಗಳು ಹೊರಬಂದು ಬೇರೆ ಕಂಪನಿಗಳನ್ನು ಕಟ್ಟಿದರು, ಬೇರೆ ಕಂಪನಿಗಳಿಗೆ ಸೇರಿದರು. 1993ರಲ್ಲಿ ಹುಟ್ಟಿದ ಎನ್‌ವಿಡಿಯಾ 1999ರಲ್ಲಿ 'ಜೀಫೋರ್ಸ್ 256' ತಂದು, ಅದನ್ನು ಜಿಪಿಯು ಅಂತ ಕರೆಯಿತು. ಲಕ್ಷ ಡಾಲರ್ ಕೆಲಸದ ದೊಡ್ಡ ಪಾಲು ನೂರಾರು ಡಾಲರ್‌ನ ಒಂದು ಕಾರ್ಡಿಗೆ ಇಳಿಯಿತು. ಸಿಲಿಕಾನ್ ಗ್ರಾಫಿಕ್ಸ್ 2006ರಲ್ಲಿ ದಿವಾಳಿ ಅರ್ಜಿ ಹಾಕಿತು, 2009ರಲ್ಲಿ ಮತ್ತೊಮ್ಮೆ. ಅವರ ಮೌಂಟನ್ ವ್ಯೂ ಕಚೇರಿಯಲ್ಲಿ ಈಗ ಗೂಗಲ್ ಇದೆ.

ಆದರೆ ಅವರದ್ದು ಒಂದು ವಸ್ತು ಸಾಯಲಿಲ್ಲ. 1992ರಲ್ಲಿ ಅವರು 'ಓಪನ್‌ಜಿಎಲ್' ಹೊರತಂದಿದ್ದರು. ಚಿಪ್ ಯಾರದ್ದೇ ಇರಲಿ, ಅದಕ್ಕೆ ಚಿತ್ರ ಬಿಡಿಸು ಅಂತ ಹೇಳುವ ಒಂದು ಸಾಮಾನ್ಯ ಭಾಷೆ. 2003ರಲ್ಲಿ ಅದರದ್ದೇ ಚಿಕ್ಕ ರೂಪ 'ಓಪನ್‌ಜಿಎಲ್ ಇಎಸ್' ಬಂತು, ಸಣ್ಣ ಸಾಧನಗಳಿಗಾಗಿ. 2008ರಲ್ಲಿ ಐಫೋನ್‌ಗೆ ಆ್ಯಪ್ ಬರೆಯಲು ಹೊರಗಿನವರಿಗೆ ಅವಕಾಶ ಸಿಕ್ಕಾಗ, ಮೂರು ಆಯಾಮದ ಚಿತ್ರ ಬಿಡಿಸಲು ಅವರಿಗೆ ಕೊಟ್ಟದ್ದು ಇದೇ ಭಾಷೆ. ಮುಂದೆ ಆಪಲ್ ತನ್ನದೇ ಭಾಷೆ ಮಾಡಿಕೊಂಡಿತು, ಅದು ಬೇರೆ ಮಾತು. ವಂಶಾವಳಿ ಮಾತ್ರ ನೇರವಾಗಿದೆ: ಓನಿಕ್ಸ್ ಕಪಾಟಿನಿಂದ ನಿಮ್ಮ ಜೇಬಿಗೆ.

ಈಗ ದೇವನಹಳ್ಳಿಗೆ ಬರೋಣ.

ದೇವನಹಳ್ಳಿ ತಾಲ್ಲೂಕಿನ ದೊಡ್ಡಗೊಲ್ಲಹಳ್ಳಿ, ಚಪ್ಪರದಹಳ್ಳಿ ಭಾಗದಲ್ಲಿ ತೈವಾನ್‌ನ ಫಾಕ್ಸ್‌ಕಾನ್ ಕಂಪನಿಗೆ 300 ಎಕರೆ ಸಿಕ್ಕಿದ್ದು 2023ರಲ್ಲಿ. ಬೆಲೆ ಸುಮಾರು 300 ಕೋಟಿ ರೂಪಾಯಿ. 2008ರಲ್ಲಿ ಶುರುವಾದ ವಿಮಾನ ನಿಲ್ದಾಣ ಪಕ್ಕದಲ್ಲೇ ಇದೆ. ಫೋನು ಹಗುರವಾದ, ದುಬಾರಿ ಸಾಮಾನು, ವಿಮಾನದಲ್ಲಿ ಹೋಗುವಂಥದ್ದು. 2025ರಲ್ಲಿ ಇಲ್ಲಿ ಐಫೋನ್ 17 ತಯಾರಾಗತೊಡಗಿತು. ಪತ್ರಿಕಾ ವರದಿಗಳ ಪ್ರಕಾರ ವರ್ಷ ಮುಗಿಯುವಷ್ಟರಲ್ಲಿ ಸುಮಾರು 30,000 ಜನ ಕೆಲಸಕ್ಕೆ ಸೇರಿದ್ದರು, ಅವರಲ್ಲಿ ಹೆಚ್ಚಿನವರು ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳು.

ಆ ಫೋನಿನ ತೂಕ 177 ಗ್ರಾಂ. ಮೆಮೊರಿ 8 ಜಿಬಿ, ಅಂದರೆ ಆ 5,000 ಡಾಲರ್ ಇಂಡಿಗಿಂತ 500 ಪಟ್ಟು. ಬೆಳಕಿನ ಒಂದೊಂದು ಕಿರಣ ಎಲ್ಲಿ ಬಡಿದು ಎಲ್ಲಿಗೆ ಹಾರುತ್ತೆ ಅಂತ ಹಿಂಬಾಲಿಸುವ ಲೆಕ್ಕಕ್ಕೆ ಆ ಕಾಲದಲ್ಲಿ ಒಂದೊಂದು ಚಿತ್ರಕ್ಕೇ ಗಂಟೆಗಳು ಹಿಡಿಯುತ್ತಿದ್ದವು. ಇದರ ಚಿಪ್ಪಿನಲ್ಲಿ ಅದಕ್ಕೆ ಪ್ರತ್ಯೇಕ ಯಂತ್ರಾಂಶವೇ ಇದೆ. 2025ರಲ್ಲಿ ಬಂದ 'ಟ್ವೆಂಟಿಯೈಟ್ ಇಯರ್ಸ್ ಲೇಟರ್' ಸಿನಿಮಾದ ಬಹುಭಾಗ ತೆಗೆದದ್ದು ಐಫೋನ್‌ಗಳಲ್ಲಿ. 'ಕಾಂಗೋ', 'ಟ್ವಿಸ್ಟರ್' ಸಿನಿಮಾಗಳು ಖಾಲಿ ಡಬ್ಬದಲ್ಲಿ ತೋರಿಸಿದ ಕನಸು ತುಂಬಿದ ಡಬ್ಬವಾಗಿ ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಹೊರಡುತ್ತಿದೆ. ನನಗಂತೂ ಇದು ಹೆಮ್ಮೆಯ ವಿಷಯ, ಅದನ್ನು ಮುಚ್ಚಿಡಲ್ಲ.

ಆದರೆ ಸಿಲಿಕಾನ್ ಗ್ರಾಫಿಕ್ಸ್ ಕಥೆ ಓದಿದ ಮೇಲೆ ಒಂದು ಪ್ರಶ್ನೆ ಕೇಳದೆ ಇರೋಕಾಗಲ್ಲ. ಡಬ್ಬದಲ್ಲಿ ಯಾರ ಪಾಲು ಏನು? ಚಿಪ್ಪಿನ ವಿನ್ಯಾಸ ಆಪಲ್‌ದು. ಚಿಪ್ ತಯಾರಾಗೋದು ತೈವಾನ್‌ನ ಟಿಎಸ್‌ಎಂಸಿಯಲ್ಲಿ. ತಂತ್ರಾಂಶ ಕ್ಯಾಲಿಫೋರ್ನಿಯಾದ್ದು. ದೇವನಹಳ್ಳಿಯದ್ದು ಜೋಡಣೆ ಮತ್ತು ಪರೀಕ್ಷೆ. ಅದು ಸುಲಭದ ಕೆಲಸ ಅಂತ ನಾನು ಹೇಳ್ತಿಲ್ಲ. ಆದರೆ ಈ ಇತಿಹಾಸದಲ್ಲಿ ಡಬ್ಬ ನೆಚ್ಚಿಕೊಂಡವರು ಮೊದಲು ಕಳೆದುಕೊಂಡರು. ಉಳಿದದ್ದು ಚಿಪ್ ಬಲ್ಲವರು, ಭಾಷೆ ಬರೆದವರು.

ಇದು ನಮ್ಮ ಕಣ್ಣ ಮುಂದೆಯೂ ನಡೆದಿದೆ. 'ಜಂಗಲ್ ಬುಕ್'ನಂಥ ಸಿನಿಮಾಗಳ ಗ್ರಾಫಿಕ್ಸ್‌ನಲ್ಲಿ ಬೆಂಗಳೂರಿನ ಹುಡುಗ ಹುಡುಗಿಯರ ಕೈಕೆಲಸ ಇದೆ. ಅವರಿಗೆ ಕೆಲಸ ಕೊಟ್ಟಿದ್ದ ಟೆಕ್ನಿಕಲರ್ ಸಮೂಹ 2025ರ ಫೆಬ್ರವರಿಯಲ್ಲಿ ಯುರೋಪಿನಲ್ಲಿ ಕುಸಿಯಿತು. ಇಲ್ಲಿನ ಸ್ಟುಡಿಯೋಗೂ ಬೀಗ ಬಿತ್ತು, ಸಾವಿರಾರು ಜನ ಬೀದಿಗೆ ಬಂದರು. ಇಲ್ಲಿಯವರ ಕೆಲಸದಲ್ಲಿ ಕೊರತೆ ಇರಲಿಲ್ಲ. ತೀರ್ಮಾನ ಇಲ್ಲಿಯದಾಗಿರಲಿಲ್ಲ, ಅಷ್ಟೇ. ಹೊಸಕೋಟೆ ದಾಟಿ ಕೋಲಾರದ ಕಡೆ ಹೋದರೆ ನರಸಾಪುರ ಸಿಗುತ್ತೆ. ಅಲ್ಲಿನ ವಿಸ್ಟ್ರಾನ್ ಐಫೋನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್‌ನಲ್ಲಿ ಸಂಬಳದ ವಿಚಾರಕ್ಕೆ ಕಾರ್ಮಿಕರ ಸಿಟ್ಟು ಒಡೆದು ದೊಡ್ಡ ಗಲಾಟೆಯೇ ಆಯಿತು. 2023ರಲ್ಲಿ ವಿಸ್ಟ್ರಾನ್ ಅದನ್ನು ಟಾಟಾದವರಿಗೆ ಮಾರಿ ಹೊರಟಿತು.

ಒಳಗಿನದನ್ನು ನಾವೇ ಮಾಡಲು ಪ್ರಯತ್ನ ಪಟ್ಟಿಲ್ವಾ? ಪಟ್ಟಿದ್ದೀವಿ. ಸಿಂಪ್ಯೂಟರ್ ನೆನಪಿದೆಯಾ? ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರು ಎನ್‌ಕೋರ್ ಕಂಪನಿಯವರ ಜೊತೆ ಸೇರಿ ರೂಪಿಸಿದ ಕೈಗಣಕ. ಸ್ಮಾರ್ಟ್‌ಫೋನ್ ಅನ್ನೋ ಮಾತು ಹಳ್ಳಿಗೆ ಬರುವ ಮೊದಲೇ, ಓದು ಬಾರದವರೂ ಬಳಸುವ ಹಾಗಿರಬೇಕು ಅಂತ ಯೋಚಿಸಿದ್ದರು. 2004ರಲ್ಲಿ ಬಿಇಎಲ್ ಅದನ್ನು 'ಅಮಿಡಾ' ಹೆಸರಲ್ಲಿ ತಯಾರಿಸಿತು. ಕರ್ನಾಟಕದ ಭೂಮಿ ಯೋಜನೆಯಲ್ಲೂ ಬಳಸಿ ನೋಡಿದರು. ಅಂದುಕೊಂಡಷ್ಟು ಮಾರಾಟ ಆಗಲಿಲ್ಲ, ನಿಂತು ಹೋಯಿತು. ಆದರೆ ಅದರ ವಿನ್ಯಾಸ ಇಲ್ಲಿಯದು. ಬುದ್ಧಿ ಇತ್ತು, ಕಾರ್ಖಾನೆಯ ಪ್ರಮಾಣ, ಮಾರುಕಟ್ಟೆ, ತಾಳ್ಮೆಯ ಬಂಡವಾಳ ಇರಲಿಲ್ಲ. ಇವತ್ತು ಕಾರ್ಖಾನೆಯ ಪ್ರಮಾಣ ಬಂದಿದೆ. ಎರಡೂ ಇನ್ನೂ ಒಂದೇ ಸೂರಿನಡಿ ಸೇರಿಲ್ಲ.

ಇನ್ನೊಂದು ಮಾತು, ನೆಲದ್ದು. ಇದೇ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 13 ಹಳ್ಳಿಗಳ 1,777 ಎಕರೆ ಸ್ವಾಧೀನದ ವಿರುದ್ಧ ರೈತರು ಮೂರು ವರ್ಷಕ್ಕೂ ಹೆಚ್ಚು ಧರಣಿ ಕೂತರು. ಅದು ಫೋನ್ ಕಾರ್ಖಾನೆಗಲ್ಲ, ಏರೋಸ್ಪೇಸ್ ಪಾರ್ಕಿಗೆ ಅಂತ ಹೊರಟಿದ್ದ ಜಮೀನು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅದನ್ನು ಕೈಬಿಡುವುದಾಗಿ ಹೇಳಿದರು. ಈ ಹೋರಾಟವನ್ನು ಯಾಕೆ ನೆನಪಿಸ್ತೀನಿ ಅಂದ್ರೆ, ಗ್ರಾಫಿಕ್ಸ್ ಯಂತ್ರದ ಆಯಸ್ಸು ಹೆಚ್ಚೆಂದರೆ ಹತ್ತು ವರ್ಷ. ಕಂಪನಿಯದ್ದು ಇಪ್ಪತ್ತೋ ಮೂವತ್ತೋ. ದ್ರಾಕ್ಷಿ, ರಾಗಿ ಬೆಳೆದ ನೆಲಕ್ಕೆ ಅಂಥ ಅವಧಿ ಇಲ್ಲ. ನೆಲ ಕೊಟ್ಟು ಯಂತ್ರ ತಂದರೆ, ಯಂತ್ರ ಹೋದ ಮೇಲೂ ಉಳಿಯುವಂಥದ್ದು ಏನಾದರೂ ಬಂದಿರಬೇಕು.

ಏನು ಉಳಿಯುತ್ತೆ? ಇತಿಹಾಸ ಹೇಳೋ ಪ್ರಕಾರ, ಜನರ ತಲೆಯಲ್ಲಿರೋದು. ಸಿಲಿಕಾನ್ ಗ್ರಾಫಿಕ್ಸ್ ಮುಳುಗಿದರೂ ಅಲ್ಲಿ ಕಲಿತವರು ಮುಳುಗಲಿಲ್ಲ. ಹಾಗಾದರೆ ದೇವನಹಳ್ಳಿಯಲ್ಲಿ ಸ್ಕ್ರೂ ಬಿಗಿಯುವ, ಪರದೆ ಪರೀಕ್ಷಿಸುವ ಇಪ್ಪತ್ತು ವರ್ಷದ ಹುಡುಗಿಗೆ ಮುಂದಿನ ಮೆಟ್ಟಿಲು ಯಾವುದು? ಐದು ವರ್ಷದ ನಂತರ ಅವಳು ಲೈನ್ ನಡೆಸುತ್ತಾಳಾ, ಪರೀಕ್ಷಾ ಯಂತ್ರದ ರಿಪೇರಿ ಕಲಿತಿರುತ್ತಾಳಾ, ಸಂಜೆ ಡಿಪ್ಲೊಮಾ ಮುಗಿಸಿರುತ್ತಾಳಾ, ಅಥವಾ ಮದುವೆ ಆಯ್ತು ಅಂತ ಮನೆಗೆ ಹೋಗಿ ಇನ್ನೊಬ್ಬಳು ಅದೇ ಜಾಗಕ್ಕೆ ಬಂದಿರುತ್ತಾಳಾ? ಸರ್ಕಾರ ಜಮೀನು, ನೀರು, ಕರೆಂಟು, ರಸ್ತೆ ಕೊಡುವಾಗ ಎಷ್ಟು ಕೆಲಸ ಅಂತ ಕೇಳುತ್ತೆ. ಎಷ್ಟು ಕಲಿಕೆ ಅಂತಲೂ ಕೇಳಬೇಕು, ಬರೆಸಿಕೊಳ್ಳಬೇಕು. ದೊಡ್ಡಬಳ್ಳಾಪುರ, ನೆಲಮಂಗಲ, ಹೊಸಕೋಟೆಯ ಐಟಿಐ, ಪಾಲಿಟೆಕ್ನಿಕ್‌ಗಳನ್ನು ಈ ಕಾರ್ಖಾನೆಗಳ ಜೊತೆ ಜೋಡಿಸೋದು ಮೂವತ್ತು ವರ್ಷದ ಯೋಜನೆಯೇನಲ್ಲ. ಈ ವರ್ಷವೇ ಶುರು ಮಾಡಬಹುದಾದ ಕೆಲಸ.

ನಿಮ್ಮ ಕಡೆ ಯಾರಾದರೂ ಇಂಥ ಕಾರ್ಖಾನೆಯಲ್ಲಿ ಕೆಲಸ ಮಾಡ್ತಿದ್ರೆ, ಅಲ್ಲಿ ಅವರು ಏನು ಕಲಿತರು ಅಂತ ಒಂದ್ಸಲ ಕೇಳಿ. ಸಂಬಳ ಎಷ್ಟು ಅಂತ ಎಲ್ಲರೂ ಕೇಳ್ತಾರೆ, ಈ ಪ್ರಶ್ನೆ ಕೇಳೋರು ಕಡಿಮೆ. ಸಿಕ್ಕ ಉತ್ತರ ನಮಗೂ ಬರೆದು ಕಳಿಸಿ.