ಹುಲ್ಲು ಹೋದ ನೆಲ: ಹೋರ್ನಾದಾ ಬಯಲಿನ ಚರಿತ್ರೆ

ಅಮೆರಿಕ ಸಂಯುಕ್ತ ಸಂಸ್ಥಾನದ ನ್ಯೂ ಮೆಕ್ಸಿಕೊ ರಾಜ್ಯದ ದಕ್ಷಿಣದಲ್ಲಿ ಹೋರ್ನಾದಾ ಎಂಬ ಒಣಬಯಲೊಂದಿದೆ. ಅಲ್ಲಿನ 1858ರ ಭೂಮಾಪನದ ದಾಖಲೆಗಳನ್ನು 1963ರ ಸ್ಥಿತಿಯೊಡನೆ ಹೋಲಿಸಿ, ಬಫಿಂಗ್ಟನ್ ಮತ್ತು ಹರ್ಬೆಲ್ ಎಂಬ ವಿದ್ವಾಂಸರು 1965ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಮೊದಲು ನೂರಕ್ಕೆ 90ಕ್ಕೂ ಮಿಕ್ಕ ನೆಲದಲ್ಲಿ ಒಳ್ಳೆಯ ಹುಲ್ಲಿದ್ದಿತು. ಕೊನೆಗೆ ಉಳಿದುದು 25ಕ್ಕೂ ಕಡಿಮೆ. ಮಿಕ್ಕುದನ್ನು ಮೆಸ್ಕೀಟ್, ಕ್ರಿಯೊಸೋಟ್ ಮೊದಲಾದ ಪೊದೆಗಳು ಆಕ್ರಮಿಸಿದುವು.

ಇದು ಹೇಗಾಯಿತು? 1880ರ ದಶಕದಲ್ಲಿ ರೈಲುದಾರಿ ಬಂದ ಬಳಿಕ ದನಗಳ ಸಂಖ್ಯೆ ಬೆಳೆಯಿತು. ಬರಗಾಲದಲ್ಲಿಯೂ ಮೇವು ನಿಲ್ಲಲಿಲ್ಲ. ಮೆಸ್ಕೀಟಿನ ಸಿಹಿಗಾಯಿಗಳನ್ನು ತಿಂದ ದನಗಳು ಸಗಣಿಯೊಡನೆ ಅದರ ಬೀಜವನ್ನು ಬಯಲೆಲ್ಲ ಬಿತ್ತಿದುವು. ಹುಲ್ಲು ತೆಳುವಾದಂತೆ, ಎಳೆಯ ಪೊದೆಗಳನ್ನು ಸುಡುತ್ತಿದ್ದ ಕಾಡುಕಿಚ್ಚೂ ಹಬ್ಬದಾಯಿತು.

1912ರಲ್ಲಿ ಸರ್ಕಾರವು ಇಲ್ಲಿ ಸಂಶೋಧನಾಕ್ಷೇತ್ರವೊಂದನ್ನು ಸ್ಥಾಪಿಸಿತು. ಎರಡನೆಯ ಮಹಾಯುದ್ಧದ ತರುವಾಯ ಕಳೆನಾಶಕ ರಾಸಾಯನಿಕಗಳು ಪ್ರಚಾರಕ್ಕೆ ಬರಲು, ನೈರುತ್ಯ ರಾಜ್ಯಗಳಲ್ಲಿ ಮೆಸ್ಕೀಟಿನ ಮೇಲೆ ವಿಮಾನಗಳಿಂದ 2,4,5-ಟಿ ಸಿಂಪಡಿಸಲಾಯಿತು. ಎಲೆ ಉದುರಿತು, ಆದರೆ ನೆಲದೊಳಗಿನ ಬುಡದ ಮೊಗ್ಗುಗಳಿಂದ ಗಿಡ ಅನೇಕ ಕಡೆ ಮರಳಿ ಚಿಗುರಿತು. ಆ ರಾಸಾಯನಿಕದಲ್ಲಿ ಡಯಾಕ್ಸಿನ್ ಎಂಬ ವಿಷ ಬೆರೆತಿರುತ್ತಿದ್ದುದರಿಂದ 1979ರಲ್ಲಿ ಅದರ ಹಲವು ಬಳಕೆಗಳನ್ನು ತಡೆಹಿಡಿಯಲಾಯಿತು. 1985ರಲ್ಲಿ ಎಲ್ಲ ಬಳಕೆಗಳೂ ರದ್ದಾದುವು. ಕ್ರಿಯೊಸೋಟಿಗೆ ಟೆಬುಥಿಯುರಾನ್ ಎಂಬ ಗುಳಿಗೆ ಬಳಕೆಗೆ ಬಂದಿತು. ಇದು ಮಳೆಯಲ್ಲಿ ಕರಗಿ ಬೇರಿನ ಮೂಲಕ ಗಿಡವನ್ನು ಸೇರಿ, ಎಲೆಗಳು ಆಹಾರ ತಯಾರಿಸುವುದನ್ನು ತಡೆಯುತ್ತದೆ.

ಫಲವೇನು? ಪೊದೆಗಳ ನಡುವೆ ಹುಲ್ಲಿನ ಬುಡಗಳು ಉಳಿದಿದ್ದ ಕಡೆ, ಮಳೆಯ ಅನುಕೂಲವಿದ್ದಾಗ, ಹುಲ್ಲು ಮೆಲ್ಲನೆ ಮರಳಿತು. ಮೇಲ್ಮಣ್ಣು ಗಾಳಿಗೆ ಹಾರಿ ಮರಳುದಿಬ್ಬಗಳೆದ್ದ ಕಡೆ ಪೊದೆ ಸತ್ತರೂ ನೆಲ ಬರಿದಾಗಿಯೇ ಉಳಿಯಬಹುದು. ಅಲ್ಲಿನ ಮುಖ್ಯ ಮೇವಾದ ಕಪ್ಪು ಗ್ರಾಮಾ ಹುಲ್ಲು ಬೀಜದಿಂದ ಹುಟ್ಟುವುದು ವಿರಳ. ಬಳ್ಳಿಯಂತೆ ಹರಿದು ಬೇರೂರುವುದೇ ಅದರ ವಾಡಿಕೆ. ತಾಯಿಬುಡವೇ ಇಲ್ಲದಲ್ಲಿ ಹರಿಯುವುದೇನು? ಕಳೆನಾಶಕವು ಪೈಪೋಟಿಯನ್ನು ನೀಗಬಲ್ಲುದೇ ಹೊರತು ಹುಲ್ಲನ್ನು ಹುಟ್ಟಿಸಲಾರದು. ಹುಲ್ಲು ಬೇರೂರುವವರೆಗೆ ದನಗಳನ್ನು ದೂರವಿಡದಿದ್ದರೆ ಆ ವೆಚ್ಚವೂ ವ್ಯರ್ಥ.

ನಮ್ಮಲ್ಲಿ ಬಳ್ಳಾರಿ ಜಾಲಿಯೆಂದು ಹೆಸರಾದ ಗಿಡವು ಮೆಸ್ಕೀಟಿನ ಹತ್ತಿರದ ಬಂಧು. ಅದೂ ಅಮೆರಿಕ ಖಂಡದಿಂದ ಬಂದುದೇ. ಅದನ್ನು ಕಿತ್ತೊಗೆಯುವ ಮಾತು ಬಂದಾಗಲೆಲ್ಲ ಹೋರ್ನಾದಾದ ಪಾಠ ನೆನಪಿರಲಿ. ಬಯಲಿಗೆ ಮಣ್ಣೂ ಹುಲ್ಲಿನ ಬುಡವೂ ಅಸಲು. ಮೇವು ಅದರ ಬಡ್ಡಿ. ಅಸಲನ್ನೇ ಉಂಡ ಮೇಲೆ, ಎಷ್ಟು ವೆಚ್ಚಮಾಡಿದರೂ ಬಡ್ಡಿ ಹುಟ್ಟದು.